ಬಿತ್ತಾ?

ಡಾಕ್ಟರಮ್ಮ ಚೌಕಳಿ ಗೆರೆಗಳ ಕಾಗದವೊಂದನ್ನು ಪೇಂಟರ ಮುಖದ ಮುಂದೆ ಹಿಡಿದು, ಅವರ ಎಡಗಣ್ಣನ್ನು ಅಂಗೈಯಿಂದ ಮುಚ್ಚಿದರು. "ಆಪರೇಷನ್ ಆದ ಕಣ್ಣಲ್ಲಿ ನೋಡಿ ಹೇಳಿ. ಗೆರೆಗಳು ಹೇಗೆ ಕಾಣ್ತಿವೆ?"

ಪೇಂಟರು ನಲವತ್ತು ವರ್ಷ ಅಂಗಡಿಗಳ ಬೋರ್ಡು ಬರೆದವರು. ಅಳತೆಪಟ್ಟಿ ಮುಟ್ಟದೆ ಆಳುದ್ದದ ಗೆರೆ ಎಳೆಯುವ ಕೈ ಅವರದು. ನೋಡಿದವರೇ ಮೂಗು ಮುರಿದರು. "ಯಾರಮ್ಮಾ ಬರೆದದ್ದು ಇದನ್ನ? ನಡುವೆ ಎಲ್ಲಾ ಹೊಟ್ಟೆ ಬಿಟ್ಕೊಂಡಿದೆ. ಪಾಪ, ಕೈ ನಡುಗ್ತಿತ್ತೇನೋ."

ಪಕ್ಕದ ಸ್ಟೂಲಿನಲ್ಲಿದ್ದ ಹೆಂಡತಿ ಕಿಸಕ್ಕನೆ ನಕ್ಕಳು. "ಇವರ ಕಣ್ಣಿಗೆ ಬೇರೆಯವರ ಗೆರೆ ಯಾವತ್ತು ನೆಟ್ಟಗೆ ಕಂಡಿದೆ ಹೇಳಿ!"

ಡಾಕ್ಟರಮ್ಮ ನಗಲಿಲ್ಲ. "ಇದು ಮೆಷಿನ್ನಿನಲ್ಲಿ ಅಚ್ಚಾದದ್ದು ಯಜಮಾನ್ರೇ, ಗೆರೆ ನೆಟ್ಟಗೇ ಇವೆ. ನಿಮ್ಮ ಕಣ್ಣಿನ ಹಿಂದಿನ ಪರದೆ ಊದಿದೆ. ಸಕ್ಕರೆ ಕಾಯಿಲೆಯವರಿಗೆ ಪೊರೆ ತೆಗೆದ ಮೇಲೆ ಹೀಗಾಗಬಾರದು ಅಂತಲೇ ಆ ಡ್ರಾಪ್ಸ್ ಕೊಟ್ಟಿದ್ದು. ಕಣ್ಣು ಚೆನ್ನಾಗಿ ಕಂಡರೂ ಮೂರು ತಿಂಗಳು ಬಿಡಬೇಡಿ ಅಂದಿದ್ದೆ. ಹಾಕಿದ್ರಾ?"

ಪೇಂಟರಿಗೆ ಒಂದು ಬೋರ್ಡು ನೆನಪಾಯಿತು. ಹೋದ ವಾರವಷ್ಟೇ ಔಷಧಿ ಅಂಗಡಿಯವನು ಅಕ್ಷರ ಸೊಟ್ಟಗಿವೆ ಎಂದು ಬೋರ್ಡು ವಾಪಸು ಕಳಿಸಿದ್ದ. ನಿನ್ನ ಗೋಡೆಯೇ ಸೊಟ್ಟ ಎಂದು ಇವರು ಜಗಳಕ್ಕೆ ನಿಂತಾಗ, 'ಕುಣಿಯಲಾರದವಳು ನೆಲ ಡೊಂಕು ಅಂದಳಂತೆ' ಎಂದು ನಕ್ಕಿದ್ದ. ನೆಲವೂ ಸರಿಯಿತ್ತು, ಗೋಡೆಯೂ ಸರಿಯಿತ್ತು.

"ಹಾಕಿದ್ರಾ ಅಂದ್ರೇನು?" ಹೆಂಡತಿಗೆ ರೋಷ ಬಂತು. "ದಿನಕ್ಕೆ ಮೂರು ಹೊತ್ತು, ನನ್ನ ಕೈಯಾರೆ ಹಾಕಿದ್ದೀನಿ. 'ಬಿತ್ತಾ?' ಅಂತ ಕೇಳಿ, 'ಬಿತ್ತು' ಅಂದ ಮೇಲೇ ಮುಚ್ಚಳ ಮುಚ್ತಿದ್ದೆ."

ನಿಜವೇ. ಆದರೆ ಅವಳ ಎರಡೂ ಕಣ್ಣಿಗೆ ಗಂಡನದಕ್ಕಿಂತ ದಪ್ಪ ಪೊರೆ ಕವಿದಿತ್ತು. 'ಮೊದಲು ನಿಮ್ಮದಾಗಲಿ, ನಿಮ್ಮ ಕಣ್ಣೇ ಅಲ್ವಾ ನಮಗೆ ಅನ್ನ ಹಾಕೋದು' ಎಂದು ತನ್ನ ಸರದಿಯನ್ನು ತಾನೇ ಹಿಂದಕ್ಕೆ ತಳ್ಳಿದ್ದಳು. ಹನ್ನೆರಡು ವರ್ಷದಿಂದ ಅವರಿಗೆ ಇನ್ಸುಲಿನ್ ಚುಚ್ಚುತ್ತಿದ್ದವಳೂ ಅವಳೇ. ಈಚೆಗೆ ಅಳತೆಯ ಅಂಕಿ ಕಾಣದೆ, ಇನ್ಸುಲಿನ್ ಪೆನ್ನು ತಿರುಗಿಸುವಾಗಿನ ಟಿಕ್ ಟಿಕ್ ಸದ್ದನ್ನು ಕಿವಿಯಿಂದಲೇ ಎಣಿಸಿ ಒತ್ತುತ್ತಿದ್ದಳು. ಕಣ್ಣಿನ ತೊಟ್ಟಿಗೆ ಸದ್ದೆಲ್ಲಿ? ಮೊದಲನೆಯದು ಹುಬ್ಬಿನ ಮೇಲೆ ಬಿತ್ತು. ಎರಡನೆಯದು ಕಿವಿಯ ಕಡೆ ಹರಿಯಿತು. "ಬಿತ್ತಾ?" ಎಂದಳು. ಆ ದನಿಯಲ್ಲಿದ್ದ ಹೆಮ್ಮೆಗೆ ಸೋತು ಪೇಂಟರು "ಬಿತ್ತು" ಎಂದುಬಿಟ್ಟರು. ಒಂದು ಸಲ ಅಂದ ಮೇಲೆ ಮುಂದಿನವು ತಾವಾಗಿಯೇ ಬಾಯಿಗೆ ಬಂದವು. ಹೇಗೂ ಜಗತ್ತು ಕನ್ನಡಿ ಒರೆಸಿದ ಹಾಗೆ ಕಾಣುತ್ತಿದೆ, ಈ ನೀರು ಬಿದ್ದರೆಷ್ಟು ಬಿಟ್ಟರೆಷ್ಟು ಎಂದುಕೊಂಡಿದ್ದರು. ಬಾಟಲಿಗಳು ಮಾತ್ರ ಹೇಳಿದ ದಿನಕ್ಕೆ ಸರಿಯಾಗಿ ಖಾಲಿಯಾಗುತ್ತಿದ್ದವು.

"ಇವಳದೇನೂ ತಪ್ಪಿಲ್ಲ ಡಾಕ್ಟ್ರೇ," ಎಂದರು ಪೇಂಟರು. "ಇವಳು ಹಾಕಿ ಅತ್ತ ಹೋದ ಕೂಡಲೇ, ಉರಿ ಅಂತ ನಾನೇ ಮುಖ ತೊಳ್ಕೊಂಡು ಬಿಡ್ತಿದ್ದೆ."

"ಅಯ್ಯೋ ನಿಮ್ಮ ಬುದ್ಧಿಗಿಷ್ಟು!" ಹೆಂಡತಿ ಧಡಕ್ಕನೆ ಎದ್ದಳು. ಸಿಟ್ಟಿನಲ್ಲಿ ಬಾಗಿಲ ಹಿಡಿಗೆಂದು ಕೈ ಚಾಚಿದವಳು ಗೋಡೆ ತಡವಿದಳು. ಡಾಕ್ಟರಮ್ಮ ಅವಳನ್ನು ನೋಡಿದರು, ಆಮೇಲೆ ಪೇಂಟರನ್ನು ನೋಡಿದರು. ಪೇಂಟರು ಕೈ ಮುಗಿದರು. ಡಾಕ್ಟರಮ್ಮ ಬಾಯಿಗೆ ಬಂದದ್ದನ್ನು ನುಂಗಿ, "ಕಣ್ಣಿಗೆ ಇಂಜೆಕ್ಷನ್ ಕೊಡೋಣ, ಹೊಸ ಡ್ರಾಪ್ಸ್ ಬರೀತೀನಿ. ಬಾವು ಇಳೀಬಹುದು, ಮೊದಲಿನಷ್ಟೇ ನೆಟ್ಟಗೆ ಕಾಣುತ್ತೆ ಅಂತ ಮಾತು ಕೊಡಲಾರೆ" ಎಂದರು. "ಅಮ್ಮಾ, ನಿಮ್ಮದೂ ಒಂದು ಕಣ್ಣು ನಾಳಿದ್ದೇ ಮಾಡಿಬಿಡೋಣ. ನಿಮಗೆ ಚೆನ್ನಾಗಿ ಕಾಣೋವರೆಗೆ ನಮ್ಮ ನರ್ಸೇ ಮನೆಗೆ ಬಂದು ಇವರಿಗೆ ಡ್ರಾಪ್ಸ್ ಹಾಕ್ತಾರೆ."

ನರ್ಸ್ ಬಂದು ಹೋಗುತ್ತಿದ್ದ ಅಷ್ಟೂ ದಿನ ಅವಳು ಬೈದಳು. ನನ್ನ ಕೈಗೆ ಕೆಟ್ಟ ಹೆಸರು ತಂದ್ರಿ ಎಂದಳು. ನಿಮಗೆ ಹೇಳೋದೂ ಒಂದೇ, ಕೋಣನ ಮುಂದೆ ಕಿನ್ನರಿ ಬಾರಿಸೋದೂ ಒಂದೇ ಎಂದಳು. ಪೇಂಟರು ಎಲ್ಲವನ್ನೂ ಹಾಲು ಕುಡಿದ ಹಾಗೆ ಕುಡಿದರು. ಬೈಯುವವಳಿಗೆ ತನ್ನ ಮೇಲೆ ಅನುಮಾನವಿಲ್ಲವಲ್ಲ, ಅವರಿಗೆ ಅಷ್ಟು ಸಾಕಾಗಿತ್ತು. ಬಿಳಿ ಬಳಿದಿಟ್ಟ ಹಲಗೆಗಳು ಮಾತ್ರ ಗೋಡೆಗೊರಗಿ ಖಾಲಿ ನಿಂತಿದ್ದವು. ಅವುಗಳಿಗೆ ಬೆನ್ನು ಮಾಡಿ ಕೂರುತ್ತಿದ್ದರು.

ಅವಳ ಆಪರೇಷನ್ ಆದ ಐದನೆಯ ದಿನ ಬೆಳಿಗ್ಗೆ ಅವಳು ಬಾಟಲಿಯನ್ನು ಬೆಳಕಿಗೆ ಹಿಡಿದು, ಅದರ ಮೇಲಿನ ಸಣ್ಣಕ್ಷರವನ್ನು ಗಟ್ಟಿಯಾಗಿ ಓದಿದಳು. "ಇನ್ನು ನರ್ಸ್ ಬೇಡ. ಮಲಗಿ" ಎಂದಳು. ಪೇಂಟರು ಎಂದಿನಂತೆ ಚಾವಣಿ ನೋಡುತ್ತ ಮಲಗಿದರು. ಅವಳು ಬೆರಳಿನಿಂದ ಕೆಳಗಿನ ರೆಪ್ಪೆ ಎಳೆದು ಹಿಡಿದಳು. ತೊಟ್ಟು ನೇರ ಕಣ್ಣೊಳಗೇ ಬಿತ್ತು. ಪೇಂಟರು ಬೆಚ್ಚಿ, ರೆಪ್ಪೆ ಬಿಗಿಯಾಗಿ ಮುಚ್ಚಿಕೊಂಡರು. ಅವಳು ಕೇಳುವ ಮೊದಲೇ, "ಬಿತ್ತು" ಎಂದರು.

ಅವಳ ಬೆರಳು ಅವರ ಕೆನ್ನೆಯ ಮೇಲೆ ಹಾಗೇ ಉಳಿಯಿತು.

"ರೀ," ಎಂದಳು. "ಆ ಮೂರು ತಿಂಗಳಲ್ಲಿ ನಿಮ್ಮ ರೆಪ್ಪೆ ನನ್ನ ಬೆರಳ ಕೆಳಗೆ ಒಂದು ಸಲವೂ ಹೀಗೆ ಅದುರಲಿಲ್ಲ."

ಪೇಂಟರು ಮುಖವನ್ನು ಗೋಡೆಯ ಕಡೆ ತಿರುಗಿಸಿದರು.

"ಎಲ್ಲಿ ಬೀಳ್ತಿತ್ತು?"

ಇಷ್ಟು ದಿನ ನಾಲಗೆಯ ತುದಿಯಲ್ಲಿದ್ದ ಸುಳ್ಳು ಈಗ ಬೇಕೆಂದಾಗ ಬರಲಿಲ್ಲ. ಕಣ್ಣು ಮುಚ್ಚಿಕೊಂಡೇ ಅವಳ ಕೈಯನ್ನು ತಡಕಿ ಹಿಡಿದರು.

"ಹುಬ್ಬಿನ ಮೇಲೆ. ಕಿವಿ ಹತ್ತಿರ," ಎಂದರು. "ಒಂದೆರಡು ಕಣ್ಣಿಗೂ ಬಿದ್ದಿತ್ತು ಕಣೇ. ಸುಳ್ಳಲ್ಲ."