ದಿನಕ್ಕೆ ಆರು ಬೀಡಿ

ಡಾಕ್ಟರು ಕಿವಿ ಪರೀಕ್ಷೆಯ ಕಾಗದವನ್ನು ಮಡಚಿ ಮೇಜಿನ ಮೇಲಿಟ್ಟರು. ಇಪ್ಪತ್ತೆರಡು ವರ್ಷ ವಿದ್ಯುತ್ ಮಗ್ಗದ ಮುಂದೆ ನಿಂತ ತಮ್ಮಣ್ಣೆಪ್ಪ ಅವರ ತುಟಿಯನ್ನೇ ನೋಡುತ್ತ ಕುಳಿತಿದ್ದ. ಕಿವಿಯ ಗುಗ್ಗೆ ತೆಗೆದು ಎರಡು ಹನಿ ಔಷಧ ಬಿಟ್ಟರೆ ಸರಿಹೋದೀತೆಂದು ನಂಬಿ ಬಂದಿದ್ದ.

ಡಾಕ್ಟರು ಮಾತಾಡಿದ್ದು ಅವನ ಹೆಂಡತಿಯೊಂದಿಗೆ.

"ಇದಕ್ಕ ಔಷಧ ಇಲ್ಲವ್ವಾ. ಹೋದದ್ದು ಹೋತು. ಮಗ್ಗದ ಸಪ್ಪಳಕ್ಕ ಎಲ್ಲಾರ ಕಿವೀನೂ ಮಂದ ಆಗ್ತಾವು, ಖರೆ. ಆದ್ರ ನಲವತ್ತೈದರಾಗ ಇಷ್ಟು ಹೋಗಬಾರ್ದಿತ್ತು. ಬೀಡಿ ಸೇದ್ತಾನೇನು?"

"ದಿನಾ ಆರು ಸೇದ್ತಾರ್ರೀ. ಲಗ್ನ ಆದಾಗ ಅಡಿಕಿ ಸುದ್ದಾ ಮುಟ್ಟತಿದ್ದಿಲ್ಲ. ಮಗ್ಗದ ಶೆಡ್ಡಿಗೆ ಹೋಗಿ ಕಲ್ತಾರ."

"ಅದ ನೋಡು. ಹೊಗಿ ಕಿವಿಗೆ ಹೋಗೋ ರಕ್ತಾನ ಕಡಿಮಿ ಮಾಡ್ತೈತಿ. ಸಪ್ಪಳದ ಪೆಟ್ಟು ತಿಂದ ಕಿವಿ ಚೇತರಿಸಿಕೊಳ್ಳಾಕ ಆಗೂದಿಲ್ಲ. ಬರೇ ಸಪ್ಪಳ ಆಗಿದ್ರ ಅರ್ಧ ಕಿವಿಯರ ಉಳೀತಿತ್ತು."

ಹೆಂಡತಿ ಗಂಡನ ಕಿವಿಗೆ ಬಾಯಿ ಹಚ್ಚಿ ಅಷ್ಟನ್ನೂ ಕೂಗಿ ಹೇಳಿದಳು. ಕೊನೆಗೆ ತನ್ನದೂ ಒಂದು ಮಾತು ಸೇರಿಸಿದಳು.

"ಆ ಹಾಳ ಬೀಡಿ ಯಾಕರ ಕಲ್ತ್ರಿ?"

ತಮ್ಮಣ್ಣೆಪ್ಪನ ಅಪ್ಪನೂ ಅದೇ ಶೆಡ್ಡಿನಲ್ಲಿ ದುಡಿದು, ಪೂರಾ ಕಿವುಡನಾಗಿಯೇ ಸತ್ತಿದ್ದ.

"ಕೆಲಸದ ನಡುವ ಬೀಡಿ ಸೇದೋರಿಗಷ್ಟ ಹೊರಗ ಬಿಡ್ತಿದ್ರು," ಎಂದ ತಮ್ಮಣ್ಣೆಪ್ಪ. "ಅಪ್ಪನಂಗ ಆಗೂದು ಬ್ಯಾಡ, ಕಿವಿಗೆ ಹತ್ತು ಮಿನಿಟ ಆರಾಮ ಸಿಗಲಿ ಅಂತ ಕಲ್ತೆ."