ಆರು ಸಿಡಿಯ ಪೌಚು

“ನಲವತ್ತೆಂಟು ಸಿಡಿ ಹಿಡಿಯೋದೇ ಕೊಡಿ,” ಎಂದ ಬಸ್ ಡ್ರೈವರ್ ಅಂಗಡಿಯವನಿಗೆ, ದಪ್ಪನೆಯ ದೊಡ್ಡ ಪೌಚನ್ನು ಹೆಂಡತಿಯ ಕಡೆ ತಳ್ಳುತ್ತ. ಅವಳ ಹೊಟ್ಟೆಯ ಗೆಡ್ಡೆಯ ಸ್ಕ್ಯಾನಿಂಗಿನ ಆರು ಸಿಡಿಗಳು ಎರಡು ವರ್ಷದಿಂದ ಒಂದು ಪ್ಲಾಸ್ಟಿಕ್ ಕವರಿನಲ್ಲೇ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದಿದ್ದವು. ಒಂದಕ್ಕೆ ಗೀರು ಬಿದ್ದು, ಇವತ್ತು ಬೆಳಿಗ್ಗೆ ಡಾಕ್ಟರ ಕಂಪ್ಯೂಟರಿನಲ್ಲಿ ಅದು ತೆರೆದುಕೊಂಡಿರಲಿಲ್ಲ. ಅದಕ್ಕೇ ಅವನು ಅವಳನ್ನು ಆಸ್ಪತ್ರೆಯಿಂದ ನೇರ ಅಂಗಡಿಗೆ ಕರೆತಂದಿದ್ದ.

ಅವಳು ಟೈಲರ್. ದೊಡ್ಡದನ್ನು ಮುಟ್ಟದೆ, ಆರೇ ಸಿಡಿ ಹಿಡಿಯುವ ಚಿಕ್ಕದೊಂದನ್ನು ಎತ್ತಿಕೊಂಡು, ಜಿಪ್ ಎಳೆದು, ಒಳಗಿನ ಹೊಲಿಗೆಯ ಮೇಲೆ ಉಗುರಾಡಿಸಿ ನೋಡಿದಳು. “ಇದು ಸಾಕು ಕಣ್ರೀ.”

“ಏನೇ ಇದು, ಆರಕ್ಕಾರೂ ಈಗಲೇ ತುಂಬಿಹೋಗುತ್ತಲ್ಲ! ಮುಂದಿನ ತಿಂಗಳದ್ದು ಎಲ್ಲಿಡೋದು, ನನ್ನ ತಲೆ ಮೇಲಾ?”

ಅಂಗಡಿಯವನು ನಕ್ಕ. ಅವಳೂ ನಗಲು ನೋಡಿದಳು, ಆಗಲಿಲ್ಲ. “ಇನ್ನು ಸ್ಕ್ಯಾನಿಂಗ್ ಬೇಡ ಅಂದ್ರು ಡಾಕ್ಟ್ರು,” ಎಂದಳು ಮೆಲ್ಲಗೆ. “ನೀವು ಔಷಧಿ ತರೋಕೆ ಹೋಗಿದ್ರಲ್ಲ, ಆಗ. ಮಾಡಿಸಿಯೂ ಪ್ರಯೋಜನ ಇಲ್ವಂತೆ. ಸುಮ್ನೆ ದೊಡ್ಡದು ಯಾಕೆ?”

ಅವನ ಹೆಬ್ಬೆರಳು ದೊಡ್ಡ ಪೌಚಿನ ಖಾಲಿ ಜೇಬೊಂದರಲ್ಲಿ ಹಾಗೇ ಉಳಿಯಿತು. ಯಾವುದನ್ನು ಕೊಡಲಿ ಎಂದು ಅಂಗಡಿಯವನು ಎರಡು ಸಲ ಕೇಳಿದ. ಡ್ರೈವರ್ ದೊಡ್ಡದನ್ನು ಮುಚ್ಚಿ ಪಕ್ಕಕ್ಕಿಟ್ಟ. ಅವಳ ಕೈಯಿಂದ ಚಿಕ್ಕದನ್ನು ತೆಗೆದುಕೊಂಡು, ಒಂದೊಂದೇ ಸಿಡಿಯನ್ನು ಅಂಗಿಯ ತುದಿಯಿಂದ ಒರೆಸಿ ಒಳಗಿಡತೊಡಗಿದ.