ವಿಮಾನಕ್ಕೆ ನಿವಾಳಿಸಿದ ಮೆಣಸಿನಕಾಯಿ

ಈಗಲೂ ಒಲೆಯ ಮೇಲೆ ಒಣಮೆಣಸಿನಕಾಯಿ ಸೀದು ಘಾಟೆದ್ದರೆ ನನಗೆ ವಿಮಾನ ನೆನಪಾಗುತ್ತದೆ.

ಬೆಳಕವಾಡಿಯಿಂದ ನಸುಕಿನಲ್ಲೇ ಹೊರಟು ಅಪ್ಪ, ಅಜ್ಜಿ, ನಾನು ಬೆಂಗಳೂರಿನ ಏರ್ ಶೋಗೆ ಹೋಗಿದ್ದೆವು. ಚಿಕ್ಕಪ್ಪ ವಾಯುಪಡೆ ಸೇರಿ ಉತ್ತರದಲ್ಲೆಲ್ಲೋ ಇದ್ದ. ಗೌರಿ ಹಬ್ಬಕ್ಕೂ ಬಂದಿರಲಿಲ್ಲ, ಸಂಕ್ರಾಂತಿಗೂ ಬಂದಿರಲಿಲ್ಲ. ಅವನು ಅಲ್ಲಿರುವುದಿಲ್ಲ ಎಂದು ಅಪ್ಪ ಎಷ್ಟು ಹೇಳಿದರೂ ಅಜ್ಜಿ ಹಟ ಹಿಡಿದು ಬಂದಿದ್ದಳು.

ಕಾದ ನೆಲದ ಮೇಲೆ ಟವೆಲ್ ಹಾಸಿಕೊಂಡು ಕೂತೆವು. ಒಂದು ವಿಮಾನ ಎದೆ ನಡುಗುವಂತೆ ಅಬ್ಬರಿಸುತ್ತ ಮೇಲೇರಿ, ತಲೆಕೆಳಗಾಗಿ ಹಾರಿತು. ಜನವೆಲ್ಲ ಹೋ ಎಂದಿತು. ಅಜ್ಜಿ ಎಲೆಯಡಿಕೆ ಚೀಲದಲ್ಲಿ ತಂದಿದ್ದ ಉಪ್ಪು, ಮೆಣಸಿನಕಾಯಿ ತೆಗೆದು, ಆಕಾಶದತ್ತ ಮುಷ್ಟಿಯೆತ್ತಿ ಮೂರು ಸುತ್ತು ನಿವಾಳಿಸಿದಳು.

“ಕೂತ್ಕೊ ಅವ್ವ, ಜನ ನೋಡ್ತಾವ್ರೆ,” ಎಂದ ಅಪ್ಪ.

“ಅದ್ಕೇ ಕಣ್ಲಾ! ಇಸ್ಟೊಂದು ಕಣ್ಣು ಬಿದ್ರೆ ಒಳಗಿರೋ ಆ ಮಗ ಉಳ್ದಾನಾ?”

ವಾಪಸ್ ಬರುವಾಗ ಬಸ್ಸು ಮದ್ದೂರು ದಾಟಿದರೂ ಅವಳು ಮುಷ್ಟಿ ಬಿಚ್ಚಲಿಲ್ಲ. ಬೆವರಿಗೆ ಉಪ್ಪು ಕರಗಿ ಬೆರಳ ಸಂದಿಯಲ್ಲಿ ಜಿನುಗುತ್ತಿತ್ತು. ಮನೆಗೆ ಬಂದವಳೇ ಎಲ್ಲವನ್ನೂ ಒಲೆಗೆ ಹಾಕಿದಳು. ದೃಷ್ಟಿ ತಾಗಿದ್ದರೆ ಆ ಮೆಣಸಿನಕಾಯಿ ಸುಟ್ಟರೂ ಘಾಟೇಳುವುದಿಲ್ಲ ಎನ್ನುವುದು ನಮ್ಮ ಕಡೆಯ ನಂಬಿಕೆ.

“ಅವನ್ಯಾರೋ ಏನೋ. ಚಿಕ್ಕಪ್ಪ ಅಲ್ವಲ್ಲಜ್ಜಿ,” ಎಂದೆ.

“ಇವನ್ಗೆ ನಾನು ತೆಗುದ್ರೆ, ಅವನ್ಗೆ ಅಲ್ಲಿ ಯಾವ್ದೋ ತಾಯಿ ತೆಗೀತಾಳೆ ಬುಡವ್ವ.”

ಒಲೆಯಿಂದ ಒಂಚೂರೂ ಘಾಟು ಬರಲಿಲ್ಲ. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಅಲ್ಲೇ ಕೂತಿದ್ದಳು.